ಒಂದೇ ಬೀಜದ ಎರಡು ಡಿಕ್ಕಿ

"ಇನ್ನೊಂದು ಸಲ ನೋಡಿ ಮೇಡಂ. ನಾನು ಮೂರು ಸಲ ನೋಡಿದೆ. ಕಣ್ಣು ಕೆಟ್ಟಿರಬೇಕು ಅಂತ ಕನ್ನಡಕ ಒರೆಸಿಕೊಂಡೂ ನೋಡಿದೆ."

ತಂಪಕ್ಕ ಎರಡು ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಜರುಗಿ ಕೂತಳು. ಸಂಸ್ಥೆಯ ಕಂಪ್ಯೂಟರುಗಳನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಅವಳು. ಯಂತ್ರಗಳು ಬಿಸಿಯಾಗದಿರಲೆಂದು ಹಗಲೂ ಇರುಳೂ ತಣ್ಣನೆಯ ಗಾಳಿ ಬೀಸುವ ಕೋಣೆಯ ಪಕ್ಕದಲ್ಲೇ ಅವಳ ಕುರ್ಚಿ. ವರ್ಷದ ಹನ್ನೆರಡು ತಿಂಗಳೂ ಸ್ವೆಟರ್ ತೊಟ್ಟು ಕೂರುವವಳಿಗೆ ಆ ಹೆಸರನ್ನು ಯಾರಿಟ್ಟರೋ, ಅದೇ ನಿಂತುಬಿಟ್ಟಿತ್ತು.

ಇನ್‌ಸ್ಪೆಕ್ಟರಮ್ಮ ಮೇಜಿನ ಕೆಳಗೆ ಮೆಲ್ಲನೆ ಬೂಟಿನಿಂದ ಎಡಗಾಲು ಹೊರಗೆ ತೆಗೆದಳು. ಪಾದ ಊದಿ ಹಲಸಿನ ತೊಳೆಯಂತಾಗಿತ್ತು. ಆಮೇಲೆ ಹಾಳೆ ನೋಡಿದಳು.

ಎಡಗಡೆಯದು, ಸಂಸ್ಥೆಯವರೆಲ್ಲ ಚಿಕ್ಕ ಅಳಿಯ ಎನ್ನುತ್ತಿದ್ದ ವಿಜ್ಞಾನಿ ಸತ್ತ ಮಂಗಳವಾರದ್ದು. ಬಲಗಡೆಯದು ಎರಡು ವರ್ಷ ಹಳೆಯದು. ಎರಡರ ತುಂಬ ಅಂಕಿಗಳು, ಇರುವೆ ಸಾಲಿನಂತೆ. ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಬಂದಳು. ಒಂದು ಅಂಕಿಯೂ ಆಚೀಚೆ ಇರಲಿಲ್ಲ.

"ನಕಲು ಹೊಡೆದಿದಾರೆ," ಎಂದ ಬಾಗಿಲ ಬಳಿ ನಿಂತಿದ್ದ ದಫೇದಾರ. ನಿವೃತ್ತಿಗೆ ಐದೇ ತಿಂಗಳು ಉಳಿದಿದ್ದ ಆತನಿಗೆ ಯಾವುದೂ ಆಶ್ಚರ್ಯವಲ್ಲ. "ಪರೀಕ್ಷೇಲಿ ಮಕ್ಕಳು ಹೊಡೆದ ಹಾಗೆ."

"ನಕಲಾಗಿದ್ದರೆ ನನಗೆ ಗಾಬರಿ ಆಗ್ತಿರಲಿಲ್ಲ," ಎಂದಳು ತಂಪಕ್ಕ. "ಯಂತ್ರ ಅವತ್ತು ನಿಜವಾಗಲೂ ಓಡಿದೆ. ಎರಡೂವರೆ ಗಂಟೆ. ವಿದ್ಯುತ್ ತಿಂದ ಲೆಕ್ಕ ಇದೆ. ಓಡಿ ಓಡಿ ಎರಡು ವರ್ಷದ ಹಿಂದಿನ ಉತ್ತರಾನೇ ಮತ್ತೆ ಕೊಟ್ಟಿದೆ."

"ದಫೇದಾರರಿಗೆ ಅರ್ಥವಾಗೋ ಹಾಗೆ ಹೇಳಿ. ಅವರಿಗೆ ಅರ್ಥವಾದರೆ ನನಗೂ ಆಗುತ್ತೆ."

ತಂಪಕ್ಕ ಸ್ವೆಟರಿನ ತೋಳು ಎಳೆದುಕೊಂಡಳು. "ಚಿನ್ನದ ಪರಮಾಣು ತಗೊಳ್ಳಿ. ಅದರ ನಡುವೆ ಒಂದು ಪುಟಾಣಿ ಗಟ್ಟಿ ಗುಂಡು ಇರುತ್ತೆ, ನ್ಯೂಕ್ಲಿಯಸ್ಸು. ದೊಡ್ಡ ಪ್ರಯೋಗಶಾಲೆಗಳಲ್ಲಿ ಅಂಥ ಎರಡು ಗುಂಡು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸ್ತಾರೆ. ಆ ಗಳಿಗೇಲಿ ಎರಡೂ ಒಂದರೊಳಗೊಂದು ನುಗ್ಗಿ ಹಿಂಡಿ ಹೋಗುತ್ತವೆ. ಕೆಲವು ಸತ್ತ ನಕ್ಷತ್ರಗಳ ಹೊಟ್ಟೆಯೊಳಗೆ ವಸ್ತು ಎಷ್ಟು ಒತ್ತಿಕೊಂಡಿರುತ್ತೋ ಹೆಚ್ಚುಕಮ್ಮಿ ಅಷ್ಟು. ರೆಪ್ಪೆ ಬಡಿಯೋ ಹೊತ್ತಿನ ಕೋಟಿ ಪಾಲಲ್ಲಿ ಒಂದು ಪಾಲೂ ಅದು ಉಳಿಯಲ್ಲ. ಸಿಡಿದು ಚೂರಾಗುತ್ತೆ. ನಮಗೆ ಸಿಗೋದು ಚೂರು ಮಾತ್ರ."

"ಅಪಘಾತದ ಮಹಜರು," ಎಂದ ದಫೇದಾರ. "ಗುದ್ದಿದ್ದು ಕಂಡವರಿಲ್ಲ. ಗಾಜಿನ ಚೂರು ನೋಡಿ ಯಾವ ಲಾರಿ ಅಂತ ಬರೀಬೇಕು."

"ಹೂಂ, ಅದೇ. ಇಲ್ಲಿ ಅಳಿಯಂದಿರು ಮಾಡ್ತಿದ್ದದ್ದು ಏನಂದ್ರೆ, ಆ ಡಿಕ್ಕೀನ ಕಂಪ್ಯೂಟರಿನೊಳಗೆ ಮಾಡೋದು. ಲಕ್ಷಗಟ್ಟಲೆ ಸಲ. ಹಿಂಡಿದ ವಸ್ತು ಕಲ್ಲಿನ ಹಾಗೆ ಗಡಸೋ, ದಿಂಬಿನ ಹಾಗೆ ಮೆತ್ತಗೋ ಅನ್ನೋದಕ್ಕೆ ಒಂದು ಸಂಖ್ಯೆ ಇದೆ. ಅದನ್ನ ಏರಿಸಿ ಇಳಿಸಿ ನೋಡ್ತಾರೆ. ಯಾವ ಸಂಖ್ಯೆಗೆ ಕಂಪ್ಯೂಟರಿನ ಚೂರು ನಿಜವಾದ ಚೂರಿನ ಹಾಗೇ ಸಿಡಿಯುತ್ತೋ, ಆ ಗಡಸುತನವೇ ಉತ್ತರ."

"ಅದೇ ಉತ್ತರ ಎರಡು ಸಲ ಬಂದರೆ ತಪ್ಪೇನು?" ಎಂದಳು ಇನ್‌ಸ್ಪೆಕ್ಟರಮ್ಮ.

"ಕೊನೇ ಅಂಕಿವರೆಗೂ ಬರಲ್ಲ ಮೇಡಂ. ಪ್ರತಿ ಕಣ ಗುದ್ದಿದ ಮೇಲೆ ಎತ್ತ ಹೋಗುತ್ತೆ ಅನ್ನೋದನ್ನ ಯಂತ್ರ ದಾಳ ಹಾಕಿ ನಿರ್ಧಾರ ಮಾಡುತ್ತೆ. ಆ ದಾಳದಾಟ ಶುರುವಾಗೋಕೆ ಒಂದು ಸಂಖ್ಯೆ ಬೇಕು. ಬೀಜ ಅಂತೀವಿ. ಅದನ್ನ ಆ ಕ್ಷಣದ ಗಡಿಯಾರದಿಂದ ತಗೊಳ್ಳುತ್ತೆ, ಹಾಗಾಗಿ ಒಂದು ದಿನದ ಬೀಜ ಇನ್ನೊಂದು ದಿನಕ್ಕೆ ಬರೋ ಹಾಗಿಲ್ಲ. ಬೇಕೂಂತಲೇ ಯಾರಾದರೂ ಹಳೇ ಬೀಜ ಬಿತ್ತಬೇಕು. ಬಿತ್ತಿದರೆ ಹಳೇ ಡಿಕ್ಕಿ ಹಾಗ್‌ಹಾಗೇ ಮತ್ತೆ ಆಗುತ್ತೆ."

ಇನ್‌ಸ್ಪೆಕ್ಟರಮ್ಮ ಬೂಟಿನೊಳಗೆ ಮತ್ತೆ ಪಾದ ತುರುಕಿದಳು.

ಹನ್ನೊಂದು ದಿನದ ಹಿಂದೆ ಈ ಗೋಡೆಯಾಚೆಯ ಯಂತ್ರದ ಕೋಣೆಯಲ್ಲಿ ಚಿಕ್ಕ ಅಳಿಯ ಉಸಿರುಗಟ್ಟಿ ಸತ್ತಿದ್ದ. ಗಾಜಿನ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು, ಹೊರಗಿದ್ದ ಬೆಂಕಿ ನಂದಿಸುವ ಅನಿಲದ ಹಿಡಿಕೆಯನ್ನು ಹತ್ತು ಗಂಟೆ ನಲವತ್ತೇಳು ನಿಮಿಷಕ್ಕೆ ಯಾರೋ ಕೈಯಾರೆ ಕೆಳಗೆಳೆದಿದ್ದರು. ಹಿಡಿಕೆಗೆ ಸುತ್ತಿದ್ದ ಒರಟು ಬಟ್ಟೆಯ ಮೇಲೆ ಬೆರಳಚ್ಚು ನಿಂತಿರಲಿಲ್ಲ. ಕಾರಿಡಾರಿನ ಕ್ಯಾಮೆರಾ ಒಂದು ತಿಂಗಳಿಂದ ಕುರುಡು. ತಂಪಕ್ಕ ಅವತ್ತು ಬೆಳಗ್ಗೆ ರಜೆಯಲ್ಲಿದ್ದಳು.

ಅನುಮಾನ ಮೊದಲ ದಿನವೇ ಹೋಗಿ ನಿಂತದ್ದು ದೊಡ್ಡ ಅಳಿಯನ ಮೇಲೆ. ಈ ವಿಭಾಗವನ್ನು ಕಟ್ಟಿದ ಹಿರಿಯ ವಿಜ್ಞಾನಿ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಇಬ್ಬರು ಹೆಣ್ಣುಮಕ್ಕಳ ಗಂಡಂದಿರು ಇದೇ ವಿಭಾಗದಲ್ಲಿ, ಇದೇ ಡಿಕ್ಕಿಯ ಲೆಕ್ಕದಲ್ಲಿ. ಸಂಸ್ಥೆಗೆಲ್ಲ ಅವರು ದೊಡ್ಡ ಅಳಿಯ, ಚಿಕ್ಕ ಅಳಿಯ. ಹದಿನೈದು ವರ್ಷ ಒಂದೇ ಬುತ್ತಿಯಲ್ಲಿ ಉಂಡ ಷಡ್ಡಕರು, ಸಾವಿನ ಹಿಂದಿನ ಸಂಜೆ ಮೆಟ್ಟಿಲ ಮೇಲೆ ನಿಂತು ಜಗಳವಾಡಿದ್ದರು. 'ಇನ್ನು ನನ್ನಿಂದ ಆಗಲ್ಲ, ಎಲ್ಲರಿಗೂ ಹೇಳಿಬಿಡ್ತೀನಿ' ಎಂದು ಚಿಕ್ಕವನು ಹೇಳಿದ್ದನ್ನು ತಂಪಕ್ಕನೇ ಕೇಳಿಸಿಕೊಂಡಿದ್ದಳು.

ಆದರೆ ಆ ಮಂಗಳವಾರ ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ದೊಡ್ಡ ಅಳಿಯ ಎದುರಿನ ಕಟ್ಟಡದ ತನ್ನ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದ. ಎಡಗಡೆಯ ಹಾಳೆಯೇ ಅದಕ್ಕೆ ಸಾಕ್ಷಿ. ಹದಿನೈದು ಹದಿನಾರು ನಿಮಿಷಕ್ಕೊಮ್ಮೆ ಬಂದ ಉತ್ತರ ನೋಡಿ, ಒಂಬತ್ತು ಸಲ ಗಡಸುತನದ ಸಂಖ್ಯೆಯನ್ನು ಬದಲಿಸಿದ್ದ. ಯಂತ್ರ ತಾನಾಗಿ ಹಾಗೆ ಮಾಡುವುದಿಲ್ಲ, ಮನುಷ್ಯ ಕೂತಿರಲೇಬೇಕು ಎಂದು ಇದೇ ತಂಪಕ್ಕ ಹೇಳಿಕೆ ಕೊಟ್ಟಿದ್ದಳು.

"ಆ ಒಂಬತ್ತು ಬದಲಾವಣೆ?"

"ಒಂಬತ್ತೂ ಅದೇ. ನಿಮಿಷದ ಅಂತರವೂ ಅದೇ. ಹಳೇ ದಿನದ ಕೆಲಸಾನ ಯಾರೋ ಧ್ವನಿಮುದ್ರಿಕೆ ಹಾಕಿದ ಹಾಗೆ ಮತ್ತೆ ಹಾಕಿದಾರೆ. ಬೆಳಗ್ಗೆ ಎಂಟು ಐದಕ್ಕೆ ಸರದಿಗೆ ಸೇರಿಸಿದಾರೆ, ಒಂಬತ್ತೂವರೆಗೆ ತಾನಾಗೇ ಶುರುವಾಗಲಿ ಅಂತ. ದೊಡ್ಡ ಅಳಿಯನ ಖಾತೆಯಿಂದ." ತಂಪಕ್ಕ ಬಲಗಡೆಯ ಹಾಳೆ ಮುಟ್ಟಿದಳು. "ಈ ಹಳೇದು ಮಾತ್ರ ಎಲ್ಲರೂ ಬಳಸ್ತಿದ್ದ ಸಾಮಾನ್ಯ ಖಾತೇಲಿದೆ. ಯಾರು ಮಾಡಿದ್ದು ಅಂತ ನಾನು ಹೇಳಲಾರೆ."

"ಹನ್ನೊಂದು ದಿನ ಆದಮೇಲೆ ಇದು ಕಣ್ಣಿಗೆ ಬಿತ್ತಾ?"

"ಹಳೇ ಕಡತ ಯಾರು ತೆಗೆದು ನೋಡ್ತಾರೆ ಮೇಡಂ? ಇವತ್ತು ಜಾಗ ಸಾಲದೆ ಅಳಿಸೋಕೆ ಕೂತೆ. ಒಂದೇ ಥರದ್ದು ಎರಡಿದ್ದರೆ ಯಂತ್ರ ತಾನೇ ಕೇಳುತ್ತೆ, ಒಂದನ್ನ ತೆಗೆದುಬಿಡಲಾ ಅಂತ. ಕೇಳ್ತು." ಅವಳ ದನಿ ಇಳಿಯಿತು. "ತೆಗಿ ಅಂದುಬಿಡೋದರಲ್ಲಿದ್ದೆ."

ಎರಡು ಕಟ್ಟಡಗಳ ನಡುವಿನ ಅಂಗಳ ನೂರೈವತ್ತು ಹೆಜ್ಜೆ. ಹನ್ನೊಂದು ದಿನದಲ್ಲಿ ಅದನ್ನು ಎಷ್ಟು ಸಲ ದಾಟಿದ್ದಳೋ ಇನ್‌ಸ್ಪೆಕ್ಟರಮ್ಮನ ಕಾಲಿಗೇ ಗೊತ್ತು. ಮಧ್ಯಾಹ್ನ ಮೂರೂಕಾಲು. ಬೆಳಗ್ಗೆ ಹೊರಡುವಾಗ ಗಂಡ ಹೇಳಿದ್ದ ಮಾತು ಇವತ್ತೂ ವ್ಯರ್ಥವಾಗಿತ್ತು: ಇವತ್ತಾದರೂ ಕೂತು ಊಟ ಮಾಡು.

"ಕೊನೆಗೂ ಮೀನು ಗಾಳಕ್ಕೆ ಬಿತ್ತು ಮೇಡಂ," ಎಂದ ದಫೇದಾರ. "ಬರೋ ಶುಕ್ರವಾರದೊಳಗೆ ಕಡತ ಮುಚ್ಚಿ ಅಂತ ಸಾಹೇಬರು ಅಂದಿದ್ದರಲ್ಲ, ಬುಧವಾರವೇ ಮುಚ್ಚಬಹುದು."

ಅವಳು ನಡೆಯುತ್ತಲೇ ಇದ್ದಳು. ಇಂಥ ಹೊತ್ತಿನಲ್ಲಿ ಮೊದಲೆಲ್ಲ ಮೈಯಲ್ಲಿ ಒಂದು ಬಿಸಿ ಏಳುತ್ತಿತ್ತು. ಈಗ ಎದ್ದದ್ದು ಆಕಳಿಕೆ. ಸುಳ್ಳು ಸಿಕ್ಕಿತು, ಇನ್ನು ಅದರ ಹಿಂದಿನ ದುಃಖ ಕೇಳಬೇಕು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ದುಃಖವಿಲ್ಲದ ಸುಳ್ಳು ಅವಳಿಗೆ ಸಿಕ್ಕಿದ್ದು ಬಲು ಅಪರೂಪ.

ದೊಡ್ಡ ಅಳಿಯ ಬಾಗಿಲು ತಟ್ಟಿದ ಸದ್ದಿಗೆ ಎದ್ದು ನಿಂತ. ಐವತ್ತಾರು ವರ್ಷ, ನೀಟಾಗಿ ಬಾಚಿದ ತಲೆ, ಇಸ್ತ್ರಿ ಮಾಡಿದ ಅಂಗಿ. ಮುಖದ ತುಂಬ ಸೌಜನ್ಯ.

"ಬನ್ನಿ, ಬನ್ನಿ. ಕೂತ್ಕೊಳ್ಳಿ. ನೀವು..."

"ಪೊಲೀಸು," ಎಂದಳು ಇನ್‌ಸ್ಪೆಕ್ಟರಮ್ಮ. ಸಮವಸ್ತ್ರದಲ್ಲಿದ್ದವಳನ್ನು ನಾಲ್ಕನೆಯ ಭೇಟಿಯಲ್ಲೂ ಯಾರೆಂದು ಕೇಳುವ ಈ ಗತ್ತು ಎರಡನೆಯ ಭೇಟಿಯಿಂದಲೂ ಅವಳ ಮೈ ಉರಿಸುತ್ತಿತ್ತು.

"ಗೊತ್ತು, ಗೊತ್ತು. ನೀವು ಭೌತಶಾಸ್ತ್ರ ಓದಿದ್ದೀರಾ?"

"ಇಲ್ಲ."

"ಒಳ್ಳೇದೇ ಆಯ್ತು. ನಕ್ಷತ್ರದ ಹೊಟ್ಟೆಗಿಂತ ಹೆಚ್ಚು ಒತ್ತಡ ಇರೋ ಜಾಗ ಜಗತ್ತಿನಲ್ಲಿ ಒಂದೇ ಇದೆ. ಇಬ್ಬರು ಅಳಿಯಂದಿರು ಒಟ್ಟಿಗೆ ಊಟಕ್ಕೆ ಕೂತ ಮಾವನ ಮನೆ." ಹೇಳಿ ತಾನೇ ಸಣ್ಣಗೆ ನಕ್ಕ. ನಕ್ಕು ಎಡಗೈಯಿಂದ ಕನ್ನಡಕ ಸರಿಮಾಡಿಕೊಂಡ.

ದಫೇದಾರ ಕೆಮ್ಮಿದ. ಇನ್‌ಸ್ಪೆಕ್ಟರಮ್ಮ ಹಾಳೆಗಳನ್ನು ಚೀಲದಿಂದ ತೆಗೆಯುತ್ತಿದ್ದವಳು ಅಲ್ಲೇ ನಿಂತಳು.

ಹೋದ ಸಲವೂ ಅದೇ ಮಾತು. ಅದರ ಹಿಂದಿನ ಸಲವೂ. ಮಾತು ಮಾತ್ರವಲ್ಲ, 'ಒಂದೇ ಇದೆ' ಎಂದು ಅರೆಗಳಿಗೆ ನಿಲ್ಲಿಸುವುದು, ಆ ನಗು, ಕನ್ನಡಕಕ್ಕೆ ಹೋಗುವ ಆ ಎಡಗೈ. ತನ್ನನ್ನು ಆಟ ಆಡಿಸುತ್ತಿದ್ದಾನೆ ಎಂದುಕೊಂಡಿದ್ದಳು ಇಷ್ಟು ದಿನ. ಜಾಣರಿಗೆ ಪೊಲೀಸರೆಂದರೆ ತಾತ್ಸಾರ, ಅದರ ಒಂದು ನಮೂನೆ ಇದು ಎಂದುಕೊಂಡಿದ್ದಳು.

ಈಗ ಕೋಣೆಯನ್ನು ಹೊಸದಾಗಿ ನೋಡಿದಳು.

ಮೇಜಿನ ಮೇಲೆ ಮೂರು ಲೋಟ ಕಾಫಿ. ಮೂರೂ ತುಂಬಿದ್ದವು, ಮೂರೂ ತಣ್ಣಗೆ ಕೆನೆಗಟ್ಟಿದ್ದವು. ಒಬ್ಬನೇ ಇರುವ ಕೋಣೆ. ಮೇಜಿನ ಪ್ರತಿ ಖಾನೆಯ ಮೇಲೂ ಚೀಟಿ ಅಂಟಿಸಿತ್ತು: ಕೀಲಿ. ಪೆನ್ನು. ಖಾಲಿ ಕಾಗದ. ಬಾಗಿಲ ಒಳಮೈಗೆ, ಹೊರಡುವವನ ಕಣ್ಣಿನ ಎತ್ತರಕ್ಕೆ, ಇನ್ನೊಂದು ಹಾಳೆ: 'ನಾಲ್ಕು ಗಂಟೆಗೆ ಅವಳು ಬರುತ್ತಾಳೆ. ಅಲ್ಲಿಯವರೆಗೆ ಎಲ್ಲೂ ಹೋಗಬೇಡ.'

ವಿಜ್ಞಾನಿಗಳ ಮರೆಗುಳಿತನ ಎಂದು ದಫೇದಾರ ಅವತ್ತು ನಕ್ಕಿದ್ದ. ಅವಳೂ ನಕ್ಕಿದ್ದಳು.

"ಸರ್," ಎಂದಳು. ಅವಳಿಗರಿವಿಲ್ಲದೆ ದನಿ ಮೆತ್ತಗಾಗಿತ್ತು. "ಇವತ್ತು ಯಾವ ವಾರ?"

ಅವನು ಥಟ್ಟನೆ ಕಂಪ್ಯೂಟರಿನ ಪರದೆಯ ಮೂಲೆಗೆ ಕಣ್ಣು ಹಾಯಿಸಿದ. "ಶನಿವಾರ."

"ನೋಡದೆ ಹೇಳಬೇಕಿತ್ತು."

ಅವನು ಕುರ್ಚಿ ಎಳೆದ. ಕೂತುಕೊಂಡ. ಮುಖದ ಸೌಜನ್ಯ ಹಾಗೇ ಇತ್ತು, ಅದರ ಹಿಂದಿನ ದೀಪವನ್ನು ಮಾತ್ರ ಯಾರೋ ತೆಗೆದಂತೆ.

ಅವಳು ಹಾಳೆಗಳನ್ನು ಅವನ ಮುಂದೆ ಇಟ್ಟಳು. "ಇದನ್ನ ನೋಡಿ. ಯಾರ ಕೆಲಸ ಇದು?"

ಅಂಕಿ ಕಂಡದ್ದೇ ಅವನು ಬೇರೆ ಮನುಷ್ಯನಾದ. ಬೆನ್ನು ನೆಟ್ಟಗಾಯಿತು. ಕಣ್ಣು ಸಾಲಿನಿಂದ ಸಾಲಿಗೆ ಸಲೀಸಾಗಿ ಇಳಿಯಿತು. "ಚಿನ್ನದ ಮೇಲೆ ಚಿನ್ನ. ನೇರ ಡಿಕ್ಕಿ, ಓರೆ ಅಲ್ಲ. ನಡುವೆ ವಸ್ತು ಮಾಮೂಲಿಗಿಂತ ಮೂರು ಪಟ್ಟು ಒತ್ತಿಕೊಂಡಿದೆ." ಹಾಳೆಯ ಅಂಚಿಗೆ ಬೆರಳಿಟ್ಟ. "ಇದು ಚಿಕ್ಕವನ ಕೈ."

"ಹೇಗೆ ಗೊತ್ತು?"

"ಗಡಸುತನ ನೋಡಿ. ಇನ್ನೂರರಿಂದ ಶುರುಮಾಡಿ ಮೇಲಕ್ಕೆ ಹತ್ತಿದಾನೆ. ಇನ್ನೂರ ಇಪ್ಪತ್ತು, ಇನ್ನೂರ ನಲವತ್ತು. ಅವನು ಯಾವತ್ತೂ ಮೆತ್ತಗಿನ ಕಡೆಯಿಂದ ಬರ್ತಾನೆ. ನಾನು ಮುನ್ನೂರ ಎಂಬತ್ತರಿಂದ ಕೆಳಗಿಳೀತೀನಿ. ಮಾವ ನಗೋರು, ಇಬ್ಬರಲ್ಲಿ ಯಾರು ಮೊದಲು ಬಾವಿಯ ನೀರು ಮುಟ್ತೀರಿ ನೋಡೋಣ ಅಂತ." ಅವನು ತಲೆ ಎತ್ತಿದ. "ಚೆನ್ನಾಗಿ ಮಾಡಿದಾನೆ. ಎಲ್ಲಿ ಅವನು?"



ದಫೇದಾರ ಬಾಗಿಲ ಕಡೆ ಮುಖ ತಿರುಗಿಸಿದ. ಇನ್‌ಸ್ಪೆಕ್ಟರಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಬಾಯಿಬಿಟ್ಟು ಹೇಳುವ ಪ್ರಮೇಯ ಅವಳಿಗೆ ಬರಲಿಲ್ಲ. ಅವಳ ಮೌನದಿಂದಲೇ ಅವನಿಗೆ ಮೆಲ್ಲಮೆಲ್ಲನೆ ನೆನಪು ಹತ್ತಿತು.  ಕೈ ಅಂಗಿಯ ಜೇಬಿಗೆ ಹೋಗಿ ಅಲ್ಲೇ ನಿಂತಿತು.

"ಹೋಗಿಬಿಟ್ಟ ಅಲ್ವಾ," ಎಂದ. "ದಿನಕ್ಕೊಂದು ಸಲ ಯಾರಾದರೂ ಹೇಳ್ತಾರೆ. ದಿನಾ ಹೊಸದಾಗೇ ಕೇಳ್ತೀನಿ."

"ಎಷ್ಟು ದಿನದಿಂದ ಹೀಗೆ?"

"ಒಂದೂವರೆ ವರ್ಷ. ಹಳೇದೆಲ್ಲ ಇದೆ. ಮಾವ ಕಲಿಸಿದ ಮೊದಲ ಪಾಠ ಬೇಕಾದರೆ ಒಪ್ಪಿಸ್ತೀನಿ. ನಿನ್ನೆ ಮೊನ್ನೆಯದು ಜರಡಿಗೆ ನೀರು ಹೊಯ್ದ ಹಾಗೆ." ಅವನು ಕನ್ನಡಕ ತೆಗೆದಿಟ್ಟ. "ಮೊದಲು ಕಂಡುಹಿಡಿದವನು ಚಿಕ್ಕವನೇ. ಭಾವ, ನೀವು ಇದನ್ನ ಬೆಳಗ್ಗೆಯೂ ಹೇಳಿದ್ರಿ, ಅಂದ. ಅವತ್ತಿಂದ ನನ್ನ ಖಾತೇಲಿ ನನ್ನ ಕೆಲಸಾನೂ ಅವನೇ ಮಾಡ್ತಿದ್ದ. ವಿಭಾಗದ ಕಣ್ಣಿಗೆ ನಾನು ದುಡೀತಿದ್ದೆ."

ಹಾಗಾದರೆ ಹಳೆಯ ಬೀಜ ಬಿತ್ತಿದವನು ಸತ್ತವನೇ. ಷಡ್ಡಕನ ಗುಟ್ಟು ಕಾಯಲು ಚಿಕ್ಕವನು ಹಾಕಿಟ್ಟ ಪರದೆಯನ್ನು ಅವಳು ಹನ್ನೊಂದು ದಿನ ಸಾಕ್ಷಿಯೆಂದು ನಂಬಿದ್ದಳು. ಅವತ್ತು ಹೊಸ ಕೆಲಸ ಮಾಡಲು ಅವನಿಗೆ ಯಾಕೆ ಪುರುಸೊತ್ತಿರಲಿಲ್ಲ? ಯಾವ ಅವಸರದಲ್ಲಿದ್ದ? ಇನ್‌ಸ್ಪೆಕ್ಟರಮ್ಮ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟಳು.

"ಮತ್ತೆ ಮೊದಲ ದಿನ ನನಗೆ ಯಾಕೆ ಹೇಳಿದ್ರಿ, ಕೋಣೇಲೇ ಇದ್ದೆ ಅಂತ?"

"ನಾನು ಹೇಳಿದೆನಾ?" ಅವನು ಜೇಬಿನಿಂದ ಅಂಗೈಯಗಲದ ಒಂದು ಪುಸ್ತಕ ತೆಗೆದು ಹಾಳೆ ಮಗುಚಿದ. ಸಣ್ಣ, ಒತ್ತಾದ ಅಕ್ಷರ. ಹುಡುಕಿ ಓದಿದ: "ಬುಧವಾರ. ಪೊಲೀಸಿನವರು ಬಂದಿದ್ದರು. ಒಂಬತ್ತೂವರೆಯಿಂದ ಇಲ್ಲೇ ಕೆಲಸದಲ್ಲಿದ್ದಿರಲ್ಲವೇ ಎಂದರು. ಕಂಪ್ಯೂಟರು ಹಾಗೆ ಹೇಳುತ್ತದಂತೆ. ಹಾಗಾದರೆ ಇದ್ದಿರಬೇಕು. ಹೌದು ಎಂದೆ."

ಇನ್‌ಸ್ಪೆಕ್ಟರಮ್ಮನಿಗೆ ಕಿವಿ ಬಿಸಿಯಾಯಿತು. ಬಾಯಿಗೆ ಉತ್ತರ ಇಟ್ಟು ಪ್ರಶ್ನೆ ಕೇಳಿದ್ದು ತಾನೇ. ಹೊಸದಾಗಿ ಸೇರಿದ ಪೇದೆಗೂ ಬೈದು ಹೇಳಿಕೊಡುವ ತಪ್ಪು.

"ಎಲ್ಲಾ ಬರೆದಿಡ್ತೀರಾ?"

"ಬರೆಯದೇ ಇದ್ದದ್ದು ನನಗೆ ಆಗೇ ಇಲ್ಲ ಅಂತ ಲೆಕ್ಕ."

"ಸೋಮವಾರ ಸಂಜೆ ಚಿಕ್ಕವರ ಜೊತೆ ಮಾತಾಗಿತ್ತು. ಓದಿ."

ಅವನು ಮಗುಚಿದ. "ಚಿಕ್ಕವನಿಗೆ ಸಾಕಾಗಿದೆ. ಎರಡಾಳಿನ ಕೆಲಸ ಒಬ್ಬನೇ ಎಷ್ಟು ದಿನ ಮಾಡಿಯಾನು. ಎಲ್ಲರಿಗೂ ಹೇಳಿಬಿಡುತ್ತಾನಂತೆ. ಬೈದೆ. ಆಮೇಲೆ ಯೋಚಿಸಿದೆ. ಹೇಳಲಿ."

"ಮಂಗಳವಾರ?"

ಅವನು ಹಾಳೆ ಮಗುಚಿದ. ಹಿಂದಕ್ಕೆ ಮಗುಚಿದ. ಮತ್ತೆ ಮುಂದಕ್ಕೆ. ಸೋಮವಾರದ ಬೆನ್ನಿಗೆ ಬುಧವಾರವೇ ಇತ್ತು. ನಡುವೆ, ಹೊಲಿಗೆಯ ಬುಡದಲ್ಲಿ, ಹರಿದ ಕಾಗದದ ಬೆರಳಗಲದ ಅಂಚು.

"ಯಾರು ಹರಿದದ್ದು?" ಎಂದ ದಫೇದಾರ, ಗದರಿಸುವ ದನಿಯಲ್ಲಿ.

"ನಾನಲ್ಲ." ಅವನ ಮಾತಿನಲ್ಲಿ ಅನುಮಾನವಿರಲಿಲ್ಲ. "ನಾನು ಹರಿದಿದ್ದರೆ, ಹರಿದೆ ಅಂತ ಬರೆದಿರುತ್ತಿದ್ದೆ."

ಇನ್‌ಸ್ಪೆಕ್ಟರಮ್ಮ ಕುರ್ಚಿ ಹತ್ತಿರ ಎಳೆದಳು. "ಸರ್. ಆ ಬೆಳಗ್ಗೆ ನೀವು ಎಲ್ಲಿದ್ರಿ?"

"ಗೊತ್ತಿಲ್ಲ."

"ಯಂತ್ರದ ಕೋಣೆಗೆ ಹೋಗಿದ್ರಾ?"

"ಗೊತ್ತಿಲ್ಲ ತಾಯಿ." ಅವನು ಎರಡೂ ಅಂಗೈ ಮೇಲೆ ಮಾಡಿ ನೋಡಿಕೊಂಡ. "ದಿನಾ ಬೆಳಗ್ಗೆ ಈ ಪುಸ್ತಕ ಮೊದಲಿಂದ ಓದ್ತೀನಿ. ಅವನು ಸತ್ತ ಅಂತ ಓದ್ತೀನಿ. ಹಿಂದಿನ ದಿನ ಬೈದೆ ಅಂತ ಓದ್ತೀನಿ. ನಡುವಿನ ಹಾಳೆ ಇಲ್ಲ. ನೀವು ಹನ್ನೊಂದು ದಿನದಿಂದ ಹುಡುಕ್ತಿದ್ದೀರಂತೆ. ನಾನೂ ಅದನ್ನೇ ಹುಡುಕ್ತಿದೀನಿ. ನಾನೇ ಮಾಡಿದ್ದರೆ ಹೇಳಿಬಿಡಿ. ತಿಳಿದರೆ ಸಾಕು."

ಅವಳು ಏನು ಹೇಳುತ್ತಿದ್ದಳೋ. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಅವರನ್ನ ಕೇಳಬೇಡಿ. ಹಾಳೆ ಹರಿದದ್ದು ನಾನು."

ದೊಡ್ಡ ಮಗಳು. ದೊಡ್ಡ ಅಳಿಯನ ಹೆಂಡತಿ. ನಾಲ್ಕಕ್ಕೆ ಬರಬೇಕಾದವಳು ಹತ್ತು ನಿಮಿಷ ಮೊದಲೇ ಬಂದಿದ್ದಳು. ಎಷ್ಟು ಹೊತ್ತಿನಿಂದ ಆಚೆ ನಿಂತಿದ್ದಳೋ. ತಲೆಗೂದಲು ಅರ್ಧ ನರೆತಿತ್ತು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅವಳು ಗಂಡನ ಪಕ್ಕಕ್ಕೆ ಹೋಗಿ ಮೂರು ಲೋಟಗಳನ್ನೂ ಒಂದು ಕಡೆ ಸರಿಸಿದಳು, ಮೊದಲು ಮುಗಿಸಬೇಕಾದ ಕೆಲಸ ಅದೇ ಎನ್ನುವಂತೆ.

"ಮಂಗಳವಾರ ಸಂಜೆ ಮನೇಲಿ ಓದಿದೆ. ಓದಿದ್ದೇ ಹರಿದೆ. ಸುಡಬೇಕು ಅಂತ ಎರಡು ಸಲ ಒಲೆ ಹತ್ತಿರ ಹೋದೆ. ಆಗಲಿಲ್ಲ. ಅವರ ಒಂದು ದಿನ ಅಲ್ವಾ ಅದು."

"ಇಷ್ಟು ದಿನ ಮುಚ್ಚಿಟ್ಟು ಈಗ ಯಾಕೆ ಹೇಳ್ತಿದ್ದೀರಿ?"

"ನನ್ನ ತಂಗಿ ನಮ್ಮ ಮನೇಲಿದಾಳೆ. ಗಂಡನ್ನ ಕಳಕೊಂಡವಳು. ದಿನಾ ಅವಳೇ ಇವರ ತಟ್ಟೆಗೆ ಬಡಿಸ್ತಾಳೆ. ಭಾವ ಇನ್ನೊಂದು ಚೂರು ಹಾಕ್ಲಾ ಅಂತಾಳೆ. ಇವರು ದಿನಾ ಕೇಳ್ತಾರೆ, ಚಿಕ್ಕವನೆಲ್ಲಿ, ಊಟಕ್ಕೆ ಬರಲಿಲ್ಲವಾ ಅಂತ. ಅವಳು ದಿನಾ ಉತ್ತರ ಹೇಳ್ತಾಳೆ." ಅವಳು ಕೈಚೀಲದಿಂದ ಕನ್ನಡಕದ ಡಬ್ಬಿ ತೆಗೆದಳು. "ನೋಡಿ ನೋಡಿ ಸಾಕಾಯ್ತು. ತಗೊಳ್ಳಿ."

ಡಬ್ಬಿಯೊಳಗೆ ನಾಲ್ಕಾಗಿ ಮಡಿಸಿದ ಕಾಗದ. ಇನ್‌ಸ್ಪೆಕ್ಟರಮ್ಮ ಬಿಡಿಸಿ ಓದಿದಳು. ನಾಲ್ಕೇ ಸಾಲು.

'ಚಿಕ್ಕವನು ಯಂತ್ರದ ಕೋಣೆಗೆ ಬಾ ಅಂದಿದ್ದ.

ಹತ್ತು ನಲವತ್ತು. ಬಂದೆ.

ಅವನು ಒಳಗಿದ್ದಾನೆ.

ಬಾಗಿಲು ಹಾಕಿದೆ.'

ದಫೇದಾರ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. "ಮುಗೀತು ಮೇಡಂ. ಕೈಯಾರೆ ಬರ್ಕೊಂಡಿದಾರೆ. ಹತ್ತು ನಲವತ್ತಕ್ಕೆ ಬಾಗಿಲು ಹಾಕಿದೆ. ಏಳು ನಿಮಿಷ ಬಿಟ್ಟು ಹಿಡಿಕೆ."

ಅವಳೂ ಮೊದಲು ಹಾಗೇ ಓದಿದ್ದಳು. ಎರಡನೆಯ ಸಲ ಓದುವಾಗ ಮೂರನೆಯ ಸಾಲಿನಲ್ಲಿ ಕಣ್ಣು ನಿಂತಿತು. ಬಂದೆ, ಅದು ಇವನು ಮಾಡಿದ್ದು. ಒಳಗಿದ್ದಾನೆ, ಅದು ಇವನು ಕಂಡದ್ದು. ಮತ್ತೆ ಬಾಗಿಲು?

"ದಫೇದಾರರೇ, ನೀವು ಒಂದು ಅಂಗಡಿಗೆ ಹೋಗ್ತೀರಿ. ಬಾಗಿಲು ಮುಚ್ಚಿರುತ್ತೆ. ವಾಪಸ್ ಬಂದು ಮನೆಯವರಿಗೆ ಏನಂತೀರಿ?"

"ಅಂಗಡಿ ಬಾಗಿಲು ಹಾಕಿದೆ ಅಂತೀನಿ."  ತುಟಿ ಅಲುಗಿಸಿ ಅದೇ ಮಾತನ್ನು ಇನ್ನೊಮ್ಮೆ ಒಳಗೇ ಹೇಳಿಕೊಂಡ.

"ಇವರು ಹೋಗೋ ಹೊತ್ತಿಗೇ ಚಿಲಕ ಬಿದ್ದಿದ್ದರೆ," ಎಂದಳು ಇನ್‌ಸ್ಪೆಕ್ಟರಮ್ಮ, "ಹಾಕಿದವರು ಬೇರೆ. ಹಿಡಿಕೆ ಎಳೆಯೋಕೆ ಇನ್ನೂ ಏಳು ನಿಮಿಷ ಇತ್ತು. ಅವರು ಅಲ್ಲೇ ಎಲ್ಲೋ ನಿಂತಿದ್ದರು."

 ಕನ್ನಡಕದ ಡಬ್ಬಿಯ ಮುಚ್ಚಳ ದೊಡ್ಡ ಮಗಳ ಕೈಯಲ್ಲಿ ಟಕ್ಕೆಂದು ಮುಚ್ಚಿಕೊಂಡಿತು.

ಇನ್‌ಸ್ಪೆಕ್ಟರಮ್ಮ ಹಾಳೆಯನ್ನು ದೊಡ್ಡ ಅಳಿಯನ ಮುಂದೆ ಹಿಡಿದಳು. "ನೀವೇ ಬರೆದದ್ದು. ನೀವು ಹಾಕಿದ್ದಾ, ಹಾಕಿತ್ತಾ?"

ಅವನು ಆ ಒಂದು ಪದದ ಕೆಳಗೆ ಬೆರಳಿಟ್ಟು ಬಹಳ ಹೊತ್ತು ನೋಡಿದ. ತನ್ನ ವಿದ್ಯಾರ್ಥಿಯ ಉತ್ತರಪತ್ರಿಕೆ ನೋಡುವವನ ಹಾಗೆ.

"ಅಕ್ಷರ ನನ್ನದೇ," ಎಂದ. "ಬರೆದವನು ಏನು ಕಂಡಿದ್ದ ಅಂತ ನನಗೆ ಗೊತ್ತಿಲ್ಲ. ಬೇಜವಾಬ್ದಾರಿ. ಒಂದು ಪದ ಬಿಟ್ಟಿದಾನೆ." ಆಮೇಲೆ, ಸುಸ್ತಾದವನು ಮೂಟೆ ಇಳಿಸುವ ದನಿಯಲ್ಲಿ: "ನಾನು ಅಂತ ಸೇರಿಸಿಬಿಡ್ತೀನಿ. ನಾನು ಬಾಗಿಲು ಹಾಕಿದೆ. ಎಲ್ಲರೂ ಮನೆಗೆ ಹೋಗಬಹುದು. ನಿಮಗೂ ಕಾಲು ನೋಯ್ತಿದೆ. ಯಾರಾದರೂ ಪೆನ್ನು ಕೊಡಿ."

ಇನ್‌ಸ್ಪೆಕ್ಟರಮ್ಮ ಹಾಳೆಯನ್ನು ಹಿಂದಕ್ಕೆಳೆದುಕೊಳ್ಳಬೇಕೆನ್ನುವಷ್ಟರಲ್ಲಿ ಮೇಜಿನ ಮೇಲೆ ಒಂದು ಕೈ ಚಾಚಿ ಬಂತು. ಕ್ಯಾಪು ತೆಗೆದ ಪೆನ್ನು, ಹಿಡಿಯಲು ಅನುಕೂಲವಾಗುವಂತೆ ಅವನ ಕಡೆಗೇ ತಿರುಗಿತ್ತು. ಆ ಏಳು ನಿಮಿಷ ಬಾಗಿಲಾಚೆ ನಿಂತವರ ಕೈಯೂ ಇದೇನಾ ಎಂದು ಇನ್‌ಸ್ಪೆಕ್ಟರಮ್ಮ ತಲೆ ಎತ್ತಿ ನೋಡಿದಳು.

"ಬರೀರಿ," ಎಂದಳು ಹೆಂಡತಿ.